ಒಲೆಯಲ್ಲಿ ಹಸಿರು ಉರಿ

ಕಳೆದ ವಾರ ಬಾಜೂ ಮನೆಯವರು ಮೊಮ್ಮಗನಿಗೆ ದೃಷ್ಟಿ ತೆಗೆದರು. ಹುಡುಗ ಊಟ ಬಿಟ್ಟಿದ್ದನಂತೆ. ಅಜ್ಜಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಅವನ ತಲೆಯಿಂದ ಕಾಲಿನವರೆಗೆ ಇಳಿಸಿದಳು. ಧಾರವಾಡದ ಈ ಹೊಸ ಬಡಾವಣೆಯಲ್ಲಿ ಕಟ್ಟಿಗೆ ಒಲೆ ಎಲ್ಲಿಂದ ಬರಬೇಕು, ಗ್ಯಾಸಿನ ಉರಿಗೇ ಹಾಕಿಬಿಟ್ಟಳು. ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮುತ್ತ ಹೊರಗೆ ಓಡಿದರು. ಮೊಸರಿಗೆ ಹೆಪ್ಪು ಕೇಳಲು ಹೋಗಿದ್ದ ನಾನೊಬ್ಬಳು ಮೂಗಿಗೆ ಸೆರಗು ಹಿಡಿದು ಒಲೆಯ ಮುಂದೆಯೇ ನಿಂತಿದ್ದೆ. ನೀಲಿ ಉರಿ ಹಳದಿಯಾಯಿತು. ಅದರ ಅಂಚಿನಲ್ಲಿ ಬೇರೆ ಬಣ್ಣವೇನಾದರೂ ಇದೆಯೇ ಎಂದು ಬಗ್ಗಿ ನೋಡಿದೆ. ಇರಲಿಲ್ಲ. ಏನು ನೋಡುತ್ತಿದ್ದೀರಿ ಎಂದು ಒಳಗೆ ಮರಳಿದ ಅಜ್ಜಿ ಕೇಳಿದ್ದಕ್ಕೆ, ಏನಿಲ್ಲ ಎಂದು ಹೆಪ್ಪು ತೆಗೆದುಕೊಂಡು ಬಂದೆ.

ಏನಿಲ್ಲ ಎಂದರೆ ಸುಳ್ಳು. ಆ ಘಾಟು ನನ್ನನ್ನು ನೇರ ಗುಡಗೇರಿಗೆ, ನೀಲವ್ವನ ಅಡುಗೆಮನೆಗೆ ಒಯ್ದು ನಿಲ್ಲಿಸುತ್ತದೆ. ಎಂಬತ್ತರ ದಶಕದ ನಡುವಿನ ಒಂದು ಮಳೆಗಾಲ ಅದು.

ಆಗ ನಾನು ಅಲ್ಲಿಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೊಸದಾಗಿ ಸೇರಿದ್ದೆ. ಆ ಕಡೆ ಹೆಣ್ಣು ಮಾಸ್ತರೆಂದರೆ ಅಕ್ಕೋರು. ಮೂಗು ಹಿಡಿದರೆ ಬಾಯಿ ಬಿಡಲು ಬಾರದ ವಯಸ್ಸಿನಲ್ಲಿ ನಾನು ಊರಿಗೆಲ್ಲ ಅಕ್ಕೋರಾಗಿದ್ದೆ. ಸ್ಟೇಷನ್ನಿನ ದಾರಿಯಲ್ಲಿ ನೀಲವ್ವನ ದೊಡ್ಡ ಮನೆ. ಅದರ ತಲೆಬಾಗಿಲ ಪಕ್ಕದ ಕೋಣೆ ನನಗೆ ಬಾಡಿಗೆಗೆ ಸಿಕ್ಕಿತ್ತು. ನೀಲವ್ವ ಗಂಡನಿಲ್ಲದ, ನೇಮದ ಹೆಂಗಸು. ಲಿಂಗಪೂಜೆ ಮುಗಿಯದೆ ಬಾಯಿಗೆ ಹನಿ ನೀರು ಹಾಕಿದವಳಲ್ಲ, ಸುಳ್ಳು ಹೇಳಿದ್ದನ್ನು ಯಾರೂ ಕೇಳಿದ್ದಿಲ್ಲ. ಹಿರಿಯ ಮಗ ಚನ್ನಪ್ಪ ಹೊಲದ ಜೊತೆಗೆ ಕಾಳಿನ ವ್ಯಾಪಾರ ನೋಡುತ್ತಿದ್ದ. ಅವನ ಹೆಂಡತಿ ಶಾಂತವ್ವ, ಮೂರು ವರ್ಷದ ಮಗಳು ಗೌರಿ. ಕಿರಿಯವ ಮಲ್ಲಪ್ಪ ಅಣ್ಣ ಹಾಕಿದ ಗೆರೆ ದಾಟದವನು. ಅವನ ಹೆಂಡತಿಯೇ ಗಂಗವ್ವ, ಕುಬಿಹಾಳದವಳು. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಿರಲಿಲ್ಲ. ಗೌರಿ ಮಾತ್ರ ಎದ್ದರೆ ಬಿದ್ದರೆ ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಗಂಗವ್ವನ ಸೊಂಟ ಹತ್ತುತ್ತಿತ್ತು.

ಬ್ರಾಹ್ಮಣರ ಹುಡುಗಿ ಬೇರೆಯಾಗಿಯೇ ಬೇಯಿಸಿಕೊಳ್ಳಬೇಕೆಂಬುದು ನನ್ನ ತಾಯಿ ಹಾಕಿದ ಕರಾರು. ನೀಲವ್ವನಿಗೂ ಅದು ಸರಿ ಕಂಡಿತ್ತು. ಹೀಗಾಗಿ ನನ್ನ ಸೀಮೆಎಣ್ಣೆ ಸ್ಟೋವು, ನನ್ನ ಅಕ್ಕಿ, ನನ್ನ ಉಪ್ಪಿನ ಡಬ್ಬಿ ಎಲ್ಲ ನನ್ನ ಕೋಣೆಯಲ್ಲೇ ಇದ್ದವು.

ಆ ವರ್ಷ ಮೃಗಶಿರ ಚೆನ್ನಾಗಿಯೇ ಸುರಿಯಿತು. ಊರು ಹಿಗ್ಗಿತು. ಆಮೇಲೆ ನಿಲ್ಲಲೇ ಇಲ್ಲ. ದಿನವಿಡೀ ಜಿಟಿಜಿಟಿ ಜಡಿಮಳೆ. ಎರೆ ಮಣ್ಣು ಕಾಲಿಗೆ ಮೆತ್ತಿ ಚಪ್ಪಲಿಯನ್ನು ಕಿತ್ತುಕೊಂಡೇ ಬಿಡುತ್ತಿತ್ತು. ಹೊಲದಲ್ಲಿ ಹೆಸರುಕಾಯಿ ಬಳ್ಳಿಯಲ್ಲೇ ಮೊಳಕೆಯೊಡೆಯಿತು. ಮಣ್ಣಿನ ಮಾಳಿಗೆ ಅಲ್ಲಲ್ಲಿ ಸೋರಿ, ನಡುಮನೆಯಲ್ಲಿ ಪಾತ್ರೆಗಳನ್ನಿಟ್ಟು ಓಡಾಡಬೇಕಾಯಿತು. ಬಟ್ಟೆ ಒಣಗಲಿಲ್ಲ, ಕಟ್ಟಿಗೆ ಹೊತ್ತಲಿಲ್ಲ, ಎಲ್ಲರ ಮನೆಯಲ್ಲೂ ಉಪ್ಪು ನೀರೊಡೆಯಿತು. ಹಗಲಿಗೂ ಸಂಜೆಗೂ ಗುರುತು ಹತ್ತದ ಆ ದಿನಗಳಲ್ಲಿ ಜನ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

ಆಗಲೇ ಗೌರಿ ವಾಂತಿ ಮಾಡಲು ಶುರುಮಾಡಿದ್ದು. ಉಂಡ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಅತ್ತು ಎಲ್ಲ ಕಕ್ಕಿಬಿಡುತ್ತಿತ್ತು. ಡಾಕ್ಟರ ಔಷಧಿ ಎರಡು ದಿನ ಹಿಡಿದಂತೆ ಮಾಡಿ ಬಿಟ್ಟಿತು. ಕೂಸು ನಿತ್ರಾಣವಾಗಬಾರದೆಂದು ಉಪ್ಪು ಹಾಕಿದ ಗಂಜಿ, ಉಪ್ಪು ಹಾಕಿದ ಮಜ್ಜಿಗೆ ಮೇಲಿಂದ ಮೇಲೆ ಕುಡಿಸಿದರು. ಕುಡಿಸಿದಷ್ಟೂ ಹೆಚ್ಚಾಯಿತು. ದೊಡ್ಡವರು ಕೂಡ ಬಾಯೆಲ್ಲ ಒಗರು, ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು. ಅದನ್ನು ಮಳೆಯ ಲೆಕ್ಕಕ್ಕೆ ಹಾಕಿದ್ದರು. ದೀಪ ಹಚ್ಚುವ ಹೊತ್ತಿಗೆ ನೀಲವ್ವ ಒಳಗೆ ದೃಷ್ಟಿ ತೆಗೆಯುವುದು ನನಗೆ ಗೊತ್ತಿತ್ತು. ಘಾಟಿಗೆ ಹೆದರಿ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಒಲೆಯಲ್ಲಿ ಏನು ಕಾಣುತ್ತಿದೆ ಎಂಬುದನ್ನು ಆ ಮನೆಯವರು ಬಾಡಿಗೆಯವಳ ಮುಂದೆ ಹೇಳಿರಲಿಲ್ಲ.

ನಾಗರ ಪಂಚಮಿಗೆ ಶಾಂತವ್ವನ ತಮ್ಮ ಬಂದು ಅಕ್ಕನನ್ನೂ ಕೂಸನ್ನೂ ಅಣ್ಣಿಗೇರಿಗೆ ಕರೆದೊಯ್ದ. ಗಂಗವ್ವನ ಅಣ್ಣನೂ ಬಂದಿದ್ದ. ಮನೆಯಲ್ಲಿ ಒಬ್ಬ ಸೊಸೆಯಾದರೂ ಇರಬೇಕೆಂದು ನೀಲವ್ವ ಅವನ ಕೈಗೆ ಹಬ್ಬದ ಉಂಡಿ ಕೊಟ್ಟು ತಂಗಿಯಿಲ್ಲದೆಯೇ ಕಳಿಸಿದಳು. ಅಣ್ಣಿಗೇರಿಯಲ್ಲಿ ಗೌರಿ ಮೂರು ಹೊತ್ತು ಉಂಡು, ಹುರಿದ ಜೋಳದ ಅಳ್ಳು ಮುಕ್ಕಿ, ಕೆನ್ನೆ ತುಂಬಿಕೊಂಡು ಬಂದಳು. ಮನೆಯಲ್ಲಿ ಹಬ್ಬವೇ ಆಯಿತು. ಆ ವಾರ ಮುಗಿಯುವುದರೊಳಗೆ ಮತ್ತೆ ವಾಂತಿ.

ಈ ಸಲ ಯಾರೂ ಡಾಕ್ಟರ ಹೆಸರೆತ್ತಲಿಲ್ಲ. ಮನೆ ಬಿಟ್ಟರೆ ಕೂಸು ಚೆನ್ನಾಗಿರುತ್ತದೆ, ಮನೆಗೆ ಬಂದರೆ ಬೀಳುತ್ತದೆ. ಹಾಗಾದರೆ ಕೆಡುಕು ಮನೆಯೊಳಗೇ ಇದೆ. ಲೆಕ್ಕವೇನೋ ಸರಿಯಾಗಿಯೇ ಇತ್ತು. ನನ್ನ ಹತ್ತನೆಯ ಇಯತ್ತೆಯ ಹುಡುಗಿಯರು ಅಷ್ಟು ಚೊಕ್ಕಟವಾಗಿ ತರ್ಕ ಮಾಡಿದ್ದರೆ ನಾನು ಶಾಭಾಸ್ ಎನ್ನುತ್ತಿದ್ದೆ. ಆದರೆ ಅದರ ಕೊನೆ ಗಂಗವ್ವನ ಮೇಲೆ ಹೋಗಿ ನಿಂತಿತು. ಮಕ್ಕಳಿಲ್ಲದವಳು, ದಿನವಿಡೀ ಕೂಸನ್ನು ಎತ್ತಿಕೊಂಡು ಮುಖ ನೋಡುವವಳು ಅವಳೇ. ಒಂದು ಮುಂಜಾನೆ ಶಾಂತವ್ವ ಅವಳ ಸೊಂಟದಿಂದ ಗೌರಿಯನ್ನು ಕಿತ್ತುಕೊಂಡದ್ದನ್ನು ನಾನೇ ಕಂಡೆ. ಆಮೇಲೆ ಅಡುಗೆಮನೆಯ ಹೊಸ್ತಿಲನ್ನೂ ಅವಳು ದಾಟಬಾರದೆಂದಾಯಿತು.

ಅಂದು ಶಾಲೆಯಿಂದ ಬಂದಾಗ ಗಂಗವ್ವ ನನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಅಣ್ಣನಿಗೆ ಹೇಳಿ ಕಳಿಸಿದ್ದಾರಂತೆ. ತವರಿಗೆ ಒಮ್ಮೆ ಹೀಗೆ ಹೋದರೆ ಮತ್ತೆ ಈ ಮನೆ ಇಲ್ಲ ಎಂಬುದು ಅವಳಿಗೂ ನನಗೂ ತಿಳಿದಿತ್ತು. ಅವಳು ಅಳಲಿಲ್ಲ. ನನ್ನ ಕಣ್ಣಿಗೆ ಕಣ್ಣು ಕೊಟ್ಟು ಕೇಳಿದಳು.

"ಅಕ್ಕೋರ, ನೀವು ಸಾಯನ್ಸ್ ಕಲಸ್ತೀರಿ. ನನ್ನ ಕಣ್ಣಾಗ ಹಸರ ಏನರ ಕಾಣತೈತೇನ್ರಿ?"

ಏನೆಂದು ತಿಳಿಯದೆ ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದಳು. ಅತ್ತೆ ದೃಷ್ಟಿ ತೆಗೆದು ಉಪ್ಪು ಒಲೆಗೆ ಹಾಕಿದಾಗೆಲ್ಲ ಉರಿ ಹಸಿರಾಗುತ್ತದೆ. ಮೊದಲು ಭಗ್ಗನೆ ಹಳದಿ, ಆಮೇಲೆ ಅಂಚಿಗೆ ಹಸಿರು, ಕೆಂಡದ ಮೇಲೆ ಹಾವಿನ ನಾಲಗೆಯ ಹಾಗೆ ಬಹಳ ಹೊತ್ತು ಆಡುತ್ತದೆ. ಹಿಂದೆ ಎಂದೂ ಹೀಗಾಗಿದ್ದಿಲ್ಲ. ಆ ಹಸಿರು ಕೆಟ್ಟ ಕಣ್ಣಿನ ಬಣ್ಣ, ಕೂಸಿನ ಮೈಯಿಂದ ಇಳಿದದ್ದು ಎಂದು ನೀಲವ್ವ ಹೇಳಿದ್ದಾಳೆ.

ಅದೇ ವಾರ ನಾನು ಹತ್ತನೆಯ ಇಯತ್ತೆಗೆ ಪರಮಾಣುವಿನ ಪಾಠ ಮಾಡಿದ್ದೆ. ಸ್ಪಿರಿಟ್ ದೀಪಕ್ಕೆ ಒಂದು ಹರಳು ಉಪ್ಪು ಹಿಡಿದು ಹಳದಿ ತೋರಿಸಿ, ಬೋರ್ಡಿನ ಮೇಲೆ ನಿಚ್ಚಣಿಕೆ ಬರೆದಿದ್ದೆ. ಪರಮಾಣುವಿನೊಳಗಿನ ಎಲೆಕ್ಟ್ರಾನು ಮಾಳಿಗೆಗೆ ಹಚ್ಚಿದ ನಿಚ್ಚಣಿಕೆಯ ಮೇಲೆ ನಿಂತ ಹಾಗೆ. ಈ ಮೆಟ್ಟಿಲ ಮೇಲೆ ನಿಲ್ಲಬಹುದು, ಇಲ್ಲವೇ ಆ ಮೆಟ್ಟಿಲ ಮೇಲೆ. ನಡುವೆ ಕಾಲಿಡಲು ಜಾಗವಿಲ್ಲ. ಬೆಂಕಿಯ ಕಾವು ಅದನ್ನು ಮೇಲಕ್ಕೆ ನೂಕುತ್ತದೆ. ಅಲ್ಲಿ ನಿಲ್ಲಲಾಗದೆ ಕೆಳಗಿಳಿಯುವಾಗ, ಎಷ್ಟು ಎತ್ತರದಿಂದ ಇಳಿಯಿತೋ ಸರಿಯಾಗಿ ಅಷ್ಟೇ ಶಕ್ತಿಯನ್ನು ಬೆಳಕಾಗಿ ಬಿಟ್ಟುಕೊಡುತ್ತದೆ. ಅಷ್ಟು ಶಕ್ತಿಗೆ ಒಂದೇ ಬಣ್ಣ. ಪ್ರತಿ ಧಾತುವಿನ ನಿಚ್ಚಣಿಕೆಯೂ ಬೇರೆ, ಮೆಟ್ಟಿಲುಗಳ ಅಂತರವೂ ಬೇರೆ. ಅದಕ್ಕೇ ಉಪ್ಪಿನೊಳಗಿನ ಸೋಡಿಯಂ ಎಲ್ಲಿ ಸುಟ್ಟರೂ ತನ್ನ ಹಳದಿಯನ್ನೇ ಕೊಡುತ್ತದೆ, ತಾಮ್ರ ತನ್ನ ಹಸಿರನ್ನೇ. ಬೆಳಕನ್ನು ನುಂಗಿ ಮೇಲೇರುವಾಗಲೂ ಅದೇ ಕಟ್ಟುನಿಟ್ಟು. ಮೆಟ್ಟಿಲಿಗೆ ಸರಿಹೊಂದುವ ಬಣ್ಣವನ್ನಷ್ಟೇ ನುಂಗುತ್ತದೆ, ಉಳಿದದ್ದನ್ನು ಹಾದುಹೋಗಲು ಬಿಡುತ್ತದೆ. ಸೂರ್ಯನ ಬೆಳಕನ್ನು ನುಣ್ಣಗೆ ಬಿಡಿಸಿ ನೋಡಿದರೆ ಸೋಡಿಯಂನ ಹಳದಿ ಇರಬೇಕಾದ ಜಾಗದಲ್ಲಿ ಕಪ್ಪು ಗೆರೆ ಕಾಣುವುದು ಅದಕ್ಕೇ, ಸೂರ್ಯನ ಮೇಲಿನ ಸೋಡಿಯಂ ಅದನ್ನು ನುಂಗಿಕೊಂಡಿರುತ್ತದೆ. ಕೊಡುವುದೂ ಅದನ್ನೇ, ನುಂಗುವುದೂ ಅದನ್ನೇ ಎಂದು ಹುಡುಗಿಯರಿಂದ ಮೂರು ಸಲ ಹೇಳಿಸಿದ್ದೆ.

ಹಸಿರಿದ್ದರೆ ತಾಮ್ರವಿರಬೇಕು. ಉಪ್ಪನ್ನು ಯಾವುದರಲ್ಲಿ ಇಟ್ಟಿದ್ದೀರಿ ಎಂದು ಗಂಗವ್ವನನ್ನು ಕೇಳಿದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. ಮಳೆ ಹಿಡಿದ ಹೊಸದರಲ್ಲಿ ಉಪ್ಪಿನ ಚೀನಿ ಭರಣಿ ನೀಲವ್ವನ ಕೈಜಾರಿ ಒಡೆದಿತ್ತು. ಉಪ್ಪು ಚೆಲ್ಲುವುದು ಮನೆಗೆ ಒಳ್ಳೆಯದಲ್ಲ, ಭರಣಿ ಒಡೆಯುವುದು ಇನ್ನೂ ಕೆಟ್ಟದ್ದು. ಯಾರಿಗೂ ಹೇಳಬೇಡವೆಂದು ಗಂಗವ್ವನಿಗೆ ತಾಕೀತು ಮಾಡಿ, ಚೂರುಗಳನ್ನು ತಿಪ್ಪೆಗೆ ಹಾಕಿಸಿ, ಉಪ್ಪನ್ನೆಲ್ಲ ಬಳಿದು ಮೂಲೆಯಲ್ಲಿದ್ದ ಅಗಲ ಬಾಯಿಯ ತಾಮ್ರದ ಕೊಡಕ್ಕೆ ಸುರಿದಳು. ತಾಮ್ರದಲ್ಲಿಟ್ಟದ್ದು ಕೆಡುವುದಿಲ್ಲ ಎಂದು ಬೇರೆ ಹೇಳಿದಳಂತೆ. ನೀರಿಗೆ ಆ ಮಾತು ನಿಜ. ಜಡಿಮಳೆಯಲ್ಲಿ ನೀರೊಡೆದ ಉಪ್ಪು ತಾಮ್ರವನ್ನು ತಿನ್ನುತ್ತ ಕೂತರೆ ಏನಾಗುತ್ತದೆಂದು ಆ ಮನೆಯಲ್ಲಿ ಯಾರಿಗೆ ಗೊತ್ತಿರಬೇಕು? ಕೊಡ ಗಂಗವ್ವನ ಮದುವೆಯಲ್ಲಿ ತವರಿನವರು ಕೊಟ್ಟದ್ದು.

ನಾನು ಒಳಗೆ ಹೋಗಿ ನೀಲವ್ವನನ್ನು ಒಂದು ಮುಷ್ಟಿ ಉಪ್ಪು ಕೇಳಿದೆ. ದೀಪ ಹಚ್ಚಿದ ಮೇಲಾದರೆ ಕೊಡುತ್ತಿರಲಿಲ್ಲ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತದೆಂದು ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಸರಿದು ನಿಂತಳು. ಕೋಣೆಯ ಬೆಳಕಿಗೆ ಹಿಡಿದು ನೋಡಿದರೆ ಒದ್ದೆ ಹರಳುಗಳ ನಡುವೆ ಅಲ್ಲಲ್ಲಿ ಪಾಚಿಯ ಬಣ್ಣ. ಮರುದಿನ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಕಿಟಕಿ ಮುಚ್ಚಿ, ಆ ಉಪ್ಪನ್ನು ದೀಪಕ್ಕೆ ಹಿಡಿದು, ಮುಕ್ಕಾದ ಪಟ್ಟಕದಲ್ಲಿ ನೋಡಿದೆ. ಹಳದಿ ಒಂದು ಕಡೆ ನಿಂತಿತ್ತು. ಅದರಿಂದ ಸರಿದು ಬೇರೆಯಾಗಿ ಹಸಿರು ನಿಂತಿತ್ತು. ಆ ಕೂಸಿಗೆ ಮುಂಜಾನೆಯೂ ಅದೇ ಉಪ್ಪಿನ ಗಂಜಿ ಕುಡಿಸಿದ್ದರು.

ರಜೆ ಚೀಟಿ ಬರೆದು ಕೊಟ್ಟವಳೇ ಕೆಸರಿನಲ್ಲಿ ಓಡಿದೆ. ಕೂಸಿಗೆ ಆ ಉಪ್ಪು ಹಾಕಬೇಡಿ ಎಂದು ಶಾಂತವ್ವನಿಗೆ ಹೇಳಿ ನನ್ನ ಡಬ್ಬಿಯನ್ನು ಅವಳ ಕೈಗೇ ಕೊಟ್ಟೆ. ಜಗಳ ಬಂದರೆ ಬರಲಿ ಎಂದುಕೊಂಡೆ. ಸಂಜೆ ಚನ್ನಪ್ಪ, ಮಲ್ಲಪ್ಪ ಹೊಲದಿಂದ ಬಂದ ಮೇಲೆ ಎಲ್ಲರನ್ನೂ ಒಲೆಯ ಮುಂದೆ ಕರೆದೆ. ಮೊದಲು ನನ್ನ ಉಪ್ಪು ಹಾಕಿದೆ, ಹಳದಿ. ಕೊಡದ ಉಪ್ಪು ಹಾಕಿದೆ, ಹಸಿರು. ಯಾರ ಮೈಮೇಲಿಂದಲೂ ಇಳಿಸದ ಉಪ್ಪು ಇದು, ಯಾರ ಕಣ್ಣೂ ಇದರಲ್ಲಿಲ್ಲ ಎಂದೆ. ಮಾಳಿಗೆಯ ನಿಚ್ಚಣಿಕೆ ತೋರಿಸಿ ನನಗೆ ತಿಳಿದ ಹಾಗೆ ಬಿಡಿಸಿ ಹೇಳಿದೆ. ಕೊನೆಗೆ ಶಾಲೆಯಿಂದ ತಂದಿದ್ದ ಮೈಲುತುತ್ತದ ಹರಳನ್ನೂ ಕೆಂಡಕ್ಕೆ ಹಾಕಿದೆ. ಅದರಲ್ಲಿಯೂ ತಾಮ್ರವಿದೆ. ಅಲ್ಲಿಯೂ ಹಸಿರೇ ಎದ್ದಿತು.

"ಬೆಂಕಿ ತಾಮ್ರದ ಹೆಸರು ಹೇಳ್ತದರಿ," ಎಂದೆ. "ಮನುಷ್ಯರ ಕಣ್ಣಿಗೂ ಅದಕ್ಕೂ ಸಂಬಂಧ ಇಲ್ಲ."

ಚನ್ನಪ್ಪ ಬಗ್ಗಿ ಒಲೆಯೊಳಗೆ ನೋಡಿದ. ಅವನು ದಡ್ಡನಲ್ಲ. ಒಂದೊಂದೇ ಮಾತನ್ನು ತೂಕ ಮಾಡಿ ಕೇಳಿದ.

"ಮೈಲುತುತ್ತ ಅಂದ್ರ ವಿಷ ಅಲ್ರಿ ಅಕ್ಕೋರ? ದನದ ಗೊರಸಿಗೆ ಹಚ್ಚತೇವಿ. ಅಂಥಾದ್ದ ಉಪ್ಪಿನಾಗ ಹ್ಯಾಂಗ ಬಂತು?"

ಯಾರೂ ಬೆರೆಸಿದ್ದಲ್ಲ, ಉಪ್ಪೇ ತಾಮ್ರವನ್ನು ತಿಂದು ಹಾಗಾಗಿದೆ ಎಂದೆ. ಅವನು ಕೊಡ ತರಿಸಿ ಉಳಿದ ಉಪ್ಪನ್ನು ಸುರಿದು ಒಳಗೆ ಕೈಯಾಡಿಸಿದ. ಬೆರಳಿಗೆ ಹಸಿರು ಕಿಲುಬು ಮೆತ್ತಿ ಬಂತು. ಅದನ್ನು ಹೆಂಡತಿಗೆ ತೋರಿಸಿದ, ತಮ್ಮನಿಗೆ ತೋರಿಸಿದ. ಆಮೇಲೆ ಕೊಡದ ಕಂಠದ ಮೇಲೆ ಕೊರೆದಿದ್ದ ಹೆಸರನ್ನು ಬೆರಳಿಂದ ಒರೆಸಿದ. ಗಂಗವ್ವನ ತಂದೆಯ ಹೆಸರು ಅದು. ಮನೆಯೊಳಗಿನ ಗಾಳಿ ಬದಲಾದದ್ದು ನನಗೆ ತಿಳಿಯಿತು. ಕಣ್ಣಿನ ಮಾತು ಅಲ್ಲಿಗೆ ಮುಗಿದಿತ್ತು. ಗಂಗವ್ವ ವಿಷವಿಕ್ಕಿದಳೆಂಬ, ಅದಕ್ಕಿಂತ ಕೆಟ್ಟ ಮಾತು ಹುಟ್ಟಿತ್ತು, ಅದಕ್ಕೆ ಬೆಳಕು ಹಿಡಿದವಳು ನಾನು.

"ಕಣ್ಣಿನ ನದರಾಗಿದ್ರ ತಗದ ಒಗದ ಬಿಡತಿದ್ವಿ," ಎಂದ. "ಇದಕ್ಕ ಏನ ಮಾಡೂದು?"

ನನಗೆ ಸಿಟ್ಟು ಬಂತು. ಅಕ್ಕೋರಾದದ್ದು ಮರೆತು ಗಟ್ಟಿಯಾಗಿ ಹೇಳಿಬಿಟ್ಟೆ: ಭರಣಿ ಒಡೆದದ್ದನ್ನು, ಉಪ್ಪು ಸುರಿದ ಕೈ ಯಾವುದೆಂಬುದನ್ನು. ಬೇಕೆಂದು ಮಾಡಿದ್ದಲ್ಲ, ಯಾರಾದರೂ ಮಾಡಬಹುದಾದ ತಪ್ಪು ಎಂದೂ ಸೇರಿಸಿದೆ. ಇದನ್ನು ನಿಮಗೆ ಯಾರು ಹೇಳಿದರೆಂದು ಚನ್ನಪ್ಪ ಕೇಳಿದ. ಗಂಗವ್ವ ಎನ್ನದೆ ನನಗೆ ಬೇರೆ ದಾರಿಯಿರಲಿಲ್ಲ. ಅವನು ತಾಯಿಯ ಕಡೆ ತಿರುಗಿದ.

"ಹೌದೇನಬೇ ಯವ್ವ? ಉಪ್ಪ ಸುರುವಿದಾಕಿ ನೀ ಏನು?"

ಎಲ್ಲರೂ ನೀಲವ್ವನನ್ನು ನೋಡಿದೆವು. ಹೊಸ್ತಿಲಾಚೆ ನಿಂತಿದ್ದ ಗಂಗವ್ವನೂ ನೋಡಿದಳು. ಬೇಡಿಕೊಂಡು ನೋಡಲಿಲ್ಲ, ಸುಮ್ಮನೆ ನೋಡಿದಳು. ನೀಲವ್ವ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡಳು. ಅವಳ ಕೈ ಕೊರಳಿನ ಲಿಂಗದ ಮೇಲೆ ಹೋಗಿ ಅಲ್ಲೇ ನಿಂತಿತು. ಮಾಳಿಗೆ ಸೋರಿ ಪಾತ್ರೆಯಲ್ಲಿ ಹನಿ ಬೀಳುವ ಸದ್ದು ಕೇಳುತ್ತಿತ್ತು.

"ನನಗ ನೆನಪಿಲ್ಲ," ಎಂದಳು.

ಪಂಚಮಿಗೆ ತಂಗಿಯನ್ನು ಒಯ್ಯಲಾಗದೆ ಮರಳಿದ್ದ ಅಣ್ಣ ಪಂಚಮಿ ಮುಗಿದ ಮೇಲೆ ಮತ್ತೆ ಬಂದ. ಬೆಳಿಗ್ಗೆ ಮಳೆ ಸ್ವಲ್ಪ ಹೊಳವಾಗಿತ್ತು. ಅತ್ತೆ ಭರಣಿ ಒಡೆದ ಸುದ್ದಿಯನ್ನು ನಾಲ್ಕು ಮಂದಿಯ ಮುಂದೆ ನೀನೇ ಹೇಳು ಎಂದು ನಾನು ಗಂಗವ್ವನಿಗೆ ಹೇಳಿ ನೋಡಿದೆ. ತಾನು ಹೇಳಿದರೆ ಅದು ಚಾಡಿ, ಅತ್ತೆ ಹೇಳಿದರೆ ಮಾತ್ರ ಮಾತು ಎಂದಳು. ಅವಳು ಅಂಗಳಕ್ಕಿಳಿಯುವಾಗ ನೀಲವ್ವ ಒಳಗಿನಿಂದ ಆ ಕೊಡ ತಂದು ಅವಳ ಕಾಲ ಬಳಿ ಇಟ್ಟಳು. ನಸುಕಿನಲ್ಲಿ ಎದ್ದು ಹುಣಸೆಹಣ್ಣು ಹಚ್ಚಿ, ಒಳಗೆ ಹೊರಗೆ ತಿಕ್ಕಿ ಬೆಳಗಿದ್ದಳು. ಕಿಲುಬಿನ ಕಲೆಯೊಂದೂ ಉಳಿದಿರಲಿಲ್ಲ. ಗಂಗವ್ವ ಅದರೊಳಗೆ ಇಣುಕಿ ನೋಡಿ, ಎತ್ತಿ ಸೊಂಟಕ್ಕಿಟ್ಟುಕೊಂಡಳು. ಗೌರಿ ಇರುತ್ತಿದ್ದ ಸೊಂಟ ಅದು. ಮಲ್ಲಪ್ಪ ಬಸ್ಸಿನವರೆಗೆ ಗಂಟು ಹೊತ್ತು ತಲುಪಿಸಿ ಮರಳಿ ಬಂದು ದನಗಳಿಗೆ ಮೇವು ಹಾಕಿದ. ಮರುವರ್ಷ ಬೇಸಿಗೆಯಲ್ಲಿ ನನಗೆ ವರ್ಗವಾಗುವವರೆಗೂ ಗಂಗವ್ವ ಆ ಮನೆಗೆ ಬರಲಿಲ್ಲ. ಆಮೇಲೂ ಬರಲಿಲ್ಲವೆಂದು ಕೇಳಿದ್ದೇನೆ.

ಗೌರಿ ಚೇತರಿಸಿಕೊಂಡಳು. ಹೊಸ ಉಪ್ಪು, ಹೊಸ ಭರಣಿ ಬಂದವು. ಶ್ರಾವಣ ಮುಗಿಯುವ ಹೊತ್ತಿಗೆ ಅವಳು ಅಂಗಳದಲ್ಲಿ ಓಡಾಡುತ್ತಿದ್ದಳು, ನಡುನಡುವೆ ಚಿಗವ್ವ ಎಲ್ಲಿ ಎಂದು ಕೇಳುತ್ತಿದ್ದಳು. ಒಂದು ಸಂಜೆ ಚನ್ನಪ್ಪ ತಾಯಿಗೆ ಇನ್ನೊಮ್ಮೆ ದೃಷ್ಟಿ ತೆಗೆಯಲು ಹೇಳಿದ. ನನ್ನನ್ನೂ ಕರೆದ. ನೀಲವ್ವ ಮುಷ್ಟಿಯಲ್ಲಿ ಉಪ್ಪು ಹಿಡಿದು ಕೂಸಿನ ಮೇಲಿಂದ ಇಳಿಸಿ ಒಲೆಗೆ ಹಾಕಿದಳು. ಉರಿ ಭಗ್ಗನೆ ಹಳದಿಯಾಯಿತು. ಎಲ್ಲರೂ ಅಂಚು ನೋಡಿದರು. ಹಸಿರು ಬರಲಿಲ್ಲ.

"ನೋಡ್ರಿ ಅಕ್ಕೋರ," ಎಂದ ಚನ್ನಪ್ಪ. "ಆಕಿ ಹೋದ್ಲು, ಹಸರೂ ಹೋತು."

ಶಾಂತವ್ವ ಕೈಮುಗಿದಳು. ನಾನು ಮತ್ತೆ ಎಲ್ಲವನ್ನೂ ಹೇಳಿದೆ. ತಾಮ್ರ ಹೋಯಿತು, ಅದಕ್ಕೇ ಹಸಿರು ಹೋಯಿತು ಎಂದೆ. ಅದನ್ನೇ ತಾನೂ ಹೇಳುತ್ತಿರುವುದೆಂದು ಅವನು ಮರ್ಯಾದೆಯಿಂದಲೇ ಹೇಳಿ, ಕೂಸನ್ನೆತ್ತಿಕೊಂಡು ಹೊರಗೆ ಹೋದ. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನೀಲವ್ವ ಒಲೆಯ ಮುಂದೆ ಕೂತೇ ಇದ್ದಳು. ನಾನೂ ಏಳುವುದರಲ್ಲಿದ್ದೆ.

"ಬೆಂಕಿ ತಾಮ್ರದ ಹೆಸರ ಹೇಳತೈತಿ ಅಂದ್ರಿ," ಎಂದಳು, ನನ್ನ ಕಡೆ ನೋಡದೆ. "ಅದರ ಕೂಡ ನನ್ನ ಹೆಸರೂ ಹೇಳಿದ್ರ ಚಲೋ ಇತ್ತ ನೋಡ್ರಿ ಅಕ್ಕೋರ."

"ಬೆಂಕಿಗೆ ಬಾಯಿಲ್ಲರಿ," ಎಂದೆ. "ನಿಮಗಿತ್ತು."

ಆಕೆ ಕೆಂಡಗಳ ಮೇಲೆ ಬೂದಿ ಎಳೆದು, ಗೋಡೆ ಹಿಡಿದು ಎದ್ದು, ದೀಪ ಹಚ್ಚಲು ಹೋದಳು.